ದಾಸ್ತಾನಿಗೆ ಬಿದ್ದ ಬೀಗ

ರಾಯಚೂರಿನ ರಕ್ತನಿಧಿಯೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಮೌನೇಶ್ವರಿಗೆ ಆ ಮಧ್ಯಾಹ್ನ ಊಟಕ್ಕೂ ಪುರಸೊತ್ತಾಗಲಿಲ್ಲ. ದೇವದುರ್ಗದಿಂದ ಆಸ್ಪತ್ರೆಗೆ ಬಂದಿದ್ದ, ರಕ್ತಸ್ರಾವದಿಂದ ಎಚ್ಚರ ತಪ್ಪಿದ್ದ ಬಾಣಂತಿಯೊಬ್ಬಳಿಗೆ ತುರ್ತಾಗಿ ರಕ್ತ ಬೇಕಿತ್ತು. ಫ್ರಿಜ್ಜಿನಲ್ಲಿ ಚೀಲಗಳೇನೋ ಇದ್ದವು. ಆದರೆ ಪರೀಕ್ಷೆ ಮುಗಿದದ್ದು ಯಾವುದೆಂದು ಹೇಳಬೇಕಾದ, ಕಂಪ್ಯೂಟರಿನೊಳಗಿನ ದಾಸ್ತಾನಿನ ಪಟ್ಟಿ, ಅಂದರೆ ಟೇಬಲ್, ಲಾಕ್ ಆಗಿ, ಪರದೆಯ ಮೇಲೆ ಬರೀ ಎರರ್ ಬರುತ್ತಿತ್ತು.

"ಸರ್ವರ್ ಬಂದ್ ಮಾಡಿ ಚಾಲೂ ಮಾಡವ್ವಾ," ಎಂದರು ವ್ಯವಸ್ಥಾಪಕ ಗಡಿಗೆಪ್ಪ.

"ಬ್ಯಾಡ್ರೀ ಸರ್, ಎಲ್ಲಾ ಶಾಖೆಯವರ ಕೆಲಸಾನೂ ಹಾಳಾಗ್ತದ. ಟೇಬಲ್ ಯಾರು ಹಿಡಕೊಂಡಾರ ನೋಡ್ತೀನಿ."

ಹುಡುಕಿದಾಗ ಸಿಕ್ಕಿತು. ಮಾನ್ವಿ ಶಾಖೆಯಿಂದ ಶುರುವಾದ ನಮೂದೊಂದು ಅರ್ಧಕ್ಕೇ ನಿಂತು ಟೇಬಲ್ಲನ್ನು ಹಿಡಿದಿಟ್ಟಿತ್ತು. ಅಲ್ಲಿ ನಮೂದು ಮಾಡುವ ಐಶ್ವರ್ಯಳಿಗೆ ಫೋನ್ ಮಾಡಿದಳು.

"ಯಕ್ಕಾ, ರಕ್ತದಾನ ಶಿಬಿರದವರ ಹೆಸರು ತುಂಬಾಕತ್ತಿದ್ದೆ, ನಡುವ ನೆಟ್ ಹೋತು. ಅದನ್ನ ತಗದ್ರ ಮುಂಜಾನಿಂದ ಮಾಡಿದ್ದೆಲ್ಲಾ ಹೋಗ್ತದ!"

"ಹೋಗಲಿ ಬಿಡು. ಸಂಜಿಗಿ ನಾನೂ ನಿನ್ನ ಜೋಡಿ ಕುಂತು ತುಂಬ್ತೀನಿ."

ಮೌನೇಶ್ವರಿ ಸರ್ವರಿನಲ್ಲಿ ಮಾನ್ವಿಯ ಆ ಒಂದೇ ಸಂಪರ್ಕವನ್ನು ಕಡಿದಳು. ಟೇಬಲ್ ತೆರೆದುಕೊಂಡಿತು, ರಕ್ತದ ಚೀಲಗಳು ಆಸ್ಪತ್ರೆಗೆ ಹೊರಟವು. ಅಷ್ಟಕ್ಕೇ ಅವಳು ಸುಮ್ಮನಾಗಲಿಲ್ಲ. ಒಬ್ಬೊಬ್ಬ ದಾನಿಯ ವಿವರವೂ ತುಂಬಿದ ಕೂಡಲೇ ಸೇವ್ ಆಗಿ, ಟೇಬಲ್ ಬಿಡುಗಡೆಯಾಗುವಂತೆ ಪ್ರೋಗ್ರಾಮನ್ನು ತಿದ್ದಿದಳು.

ಸಂಜೆ, ಬಾಣಂತಿ ಕಣ್ಣು ಬಿಟ್ಟಳೆಂಬ ಸುದ್ದಿ ಬಂದಾಗ ಮೌನೇಶ್ವರಿ ಇಲ್ಲಿ, ಐಶ್ವರ್ಯ ಅಲ್ಲಿ, ಫೋನ್ ಕಿವಿಗಿಟ್ಟುಕೊಂಡು ಹೆಸರು ತುಂಬುತ್ತಿದ್ದರು.