ಬೋರ್ಡಿನ ಮೇಲೆ ಇಲ್ಲದ ಮಾತು

ಮುದುಕನಿಗೆ ನೆನಪು ಕೈಕೊಟ್ಟಿದೆ, ಇಲ್ಲದ್ದನ್ನೆಲ್ಲ ಸೇರಿಸಿ ಹೇಳುತ್ತಾನೆ ಎಂದು ಹೋದ ಸಲದ ಕಥೆ ಕೇಳಿದವರು ಯಾರೋ ಗೊಣಗಿದರಂತೆ. ಗೊಣಗಲಿ. ಚಾರ್ಜಿಗೆ ಹಾಕಿದ ಫೋನನ್ನು ಮನೆಯೆಲ್ಲ ತಡಕಾಡುವವರು ನೀವು, ನನ್ನ ನೆನಪಿನ ಉಸಾಬರಿ ನಿಮಗೇಕೆ? ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಕಿವಿಗೊಟ್ಟು ಕೇಳಿ. ನಡುವೆ ಬಾಯಿ ಹಾಕಬೇಡಿ.

ಸಿಟಿ ಬಸ್ಸಿನ ಡ್ರೈವರ್ ಒಬ್ಬನಿದ್ದ. ಹತ್ತುವವರು ಹತ್ತಿ ಕಂಬಿ ಹಿಡಿಯುವ ತನಕ ಗಾಡಿ ಕದಲಿಸುತ್ತಿರಲಿಲ್ಲ. ಅದಕ್ಕೇ ಜನ ಅವನನ್ನು ನಿಧಾನಪ್ಪ ಎಂದು ಕರೆಯುತ್ತಿದ್ದರು. ಆತುರಗಾರರು ರೇಗಿದರೆ, "ಬೇಗ ಹೋಗ್ಬೇಕಿದ್ರೆ ನಿನ್ನೆನೇ ಹೊರಡಬೇಕಿತ್ತು ಸ್ವಾಮಿ" ಎಂದು ಹಿಂದೆ ತಿರುಗದೆ ಉತ್ತರ ಕೊಡುತ್ತಿದ್ದ. ಇಷ್ಟು ವರ್ಷದಲ್ಲಿ ಬಸ್ಸಿಗೆ ಒಂದು ಗೀರು ಬೀಳಿಸಿದವನಲ್ಲ. ಸ್ಟಿಯರಿಂಗ್ ಹಿಡಿದರೆ ಮಾತ್ರ ತಾನು ಮನುಷ್ಯ ಎಂದು ನಂಬಿದವನು.

ಅಂಥವನಿಗೆ ಸಕ್ಕರೆ ಕಾಯಿಲೆ ಬಂತು. ಡಿಪೋದ ಡಾಕ್ಟರಮ್ಮ ರಕ್ತದ ರಿಪೋರ್ಟ್ ನೋಡಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಏನ್ರೀ ಇದು, ಇಳಿಯೋದು ಬಿಟ್ಟು ಏರ್ತಾ ಇದೆ? ಮುಂದಿನ ತಿಂಗಳೂ ಹೀಗೇ ಇದ್ರೆ ಬಸ್ ಓಡಿಸೋಕೆ ಫಿಟ್ ಅಂತ ನಾನು ಸಹಿ ಹಾಕಲ್ಲ. ಬಸ್ ಬಿಟ್ಟು ಗೇಟಲ್ಲಿ ಕೂರ್ಬೇಕಾಗುತ್ತೆ ನೀವು."

"ಮಾತ್ರೆ ತಪ್ಪಿಸಿಲ್ಲ ಮೇಡಂ. ಟೀಗೆ ಸಕ್ಕರೆ ಇಲ್ಲ. ಸಿಹಿ ಮುಟ್ಟಲ್ಲ."

"ಹಾಗಾದ್ರೆ ರಕ್ತ ಸುಳ್ಳು ಹೇಳ್ತಾ ಇದ್ಯಾ?"

ಮನೆಗೆ ಬಂದರೆ ಹೆಂಡತಿಯದೂ ಅದೇ ರಾಗ. "ರೀ, ನಿಜ ಹೇಳಿ. ಡ್ಯೂಟಿ ನೆಪದಲ್ಲಿ ಹೊರಗೆ ಕದ್ದು ತಿಂತಿದ್ದೀರಾ?"

"ನಿನ್ನ ತಲೆ! ನಾನೇನು ಚಿಕ್ಕ ಮಗುನಾ?"

"ಮಗು ಆದ್ರೆ ಜೇಬು ತಡಕಿ ಹಿಡೀಬಹುದಿತ್ತು."

ಗೇಟಿನ ಬಳಿ ಸ್ಟೂಲ್ ಹಾಕಿಕೊಂಡು ಬೇರೆಯವರ ಬಸ್ಸಿಗೆ ಕೈ ಬೀಸುವುದನ್ನು ನೆನೆದು ನಿಧಾನಪ್ಪ ಊಟ ಇನ್ನಷ್ಟು ಕಡಿಮೆ ಮಾಡಿದ. ಏನು ಮಾಡಿದರೂ ಮೈ ಭಾರ, ಬಾಯಿ ಒಣ.

ಆ ವಾರ ಅವನ ತಮ್ಮನ ಮಗಳು ಯಾವುದೋ ಕೆಲಸದ ಮೇಲೆ ಬಂದು ಅವರ ಮನೆಯಲ್ಲೇ ಉಳಿದಳು. ಅವಳದು ಜಾಹೀರಾತು ಕಂಪನಿಯಲ್ಲಿ ಕೆಲಸ. ತಿಂಡಿ ತಿನಿಸಿನ ಫೋಟೊ ತೆಗೆಸುವುದು, ಯಾವ ಬಣ್ಣ ಎಲ್ಲಿರಬೇಕು, ಯಾವ ಅಕ್ಷರ ಎಷ್ಟು ದಪ್ಪ ಇರಬೇಕು ಎಂದು ಕೂರಿಸುವುದು. ಟೀ ಪುಡಿ ಹುಡುಕುತ್ತ ಅಡುಗೆಮನೆಯ ಕಪಾಟು ತೆಗೆದಳು, ಹಸಿರು ಪೊಟ್ಟಣಗಳು ದಬದಬ ತಲೆಯ ಮೇಲೆ ಬಿದ್ದವು.

"ದೊಡ್ಡಮ್ಮಾ, ಬಿಸ್ಕತ್ತಿನ ಅಂಗಡಿ ಇಟ್ಟಿದ್ದೀರಾ?"

"ನಿಮ್ಮ ದೊಡ್ಡಪ್ಪನದು ಕಣೇ. ಬೆಳಗ್ಗೆ ತಿಂಡಿ ಬದಲು ಅದೇ. ಟ್ರಿಪ್ಪಿನ ನಡುವೆ ಅದೇ. ಸಂಜೆ ಬಂದ ಮೇಲೂ ಅದೇ."

"ಸಕ್ಕರೆ ಕಾಯಿಲೆ ಇಟ್ಕೊಂಡು?"

ನಿಧಾನಪ್ಪ ಒಳಗಿನಿಂದಲೇ ಗುಡುಗಿದ. "ಅದು ಸಕ್ಕರೆ ಕಾಯಿಲೆಯವರಿಗೇ ಮಾಡಿರೋದು. ದೊಡ್ಡ ಸರ್ಕಲ್ಲಲ್ಲಿ ಅಷ್ಟೆತ್ತರ ಬೋರ್ಡ್ ಹಾಕಿದ್ದಾರೆ. ಡಾಕ್ಟರೇ ನಿಂತು ಹೇಳ್ತಿದ್ದಾನೆ. ದಿನಾ ಅದರ ಕೆಳಗೇ ಬಸ್ ತಿರುಗಿಸೋನು ನಾನು, ಓದಿಲ್ವಾ?"

"ಏನಂತ ಬರೆದಿದೆ ದೊಡ್ಡಪ್ಪ?"

"ಸಕ್ಕರೆ ಇರೋರು ಧೈರ್ಯವಾಗಿ ತಿನ್ನಿ ಅಂತ!"

"ರಜೆ ದಿನ ಹೋಗಿ ನೋಡೋಣ್ವಾ?"

"ನೋಡೋಣ. ಬರೆದಿದ್ರೆ ಊರಿಗೆ ಹೋಗೋ ತನಕ ಪಾತ್ರೆ ನೀನೇ ತೊಳೀಬೇಕು."

ಭಾನುವಾರ ಬೆಳಗ್ಗೆ ಮೂವರೂ ಸರ್ಕಲ್ಲಿಗೆ ಹೋದರು. ಯಾರ ಮುಖಕ್ಕೆ ಮಂಗಳಾರತಿ ಆಗುತ್ತದೋ ನೋಡಬೇಕು ಎಂದು ದೊಡ್ಡಮ್ಮನೂ ಚಪ್ಪಲಿ ಮೆಟ್ಟಿದ್ದಳು. ಬೀಗ ಹಾಕಿದ ಪೇಪರ್ ಅಂಗಡಿಯ ಮುಂದೆ ನಿಂತು ತಲೆಯೆತ್ತಿದರು. ಹಸಿರು ಬೋರ್ಡು. ಒಂದು ಎಲೆ, ಗೋಧಿ ತೆನೆ. ಬಿಳಿ ಕೋಟಿನವನು ಕೈ ಕಟ್ಟಿ ನಕ್ಕಿದ್ದಾನೆ. ತಲೆ ನೆರೆತ ತೆಳ್ಳನೆಯವನೊಬ್ಬ ಓಡುತ್ತಿದ್ದಾನೆ. ನಡುವೆ ಬಸ್ಸಿನ ಚಕ್ರದಷ್ಟು ದೊಡ್ಡ ಬಿಸ್ಕತ್ತು, ಪಕ್ಕದಲ್ಲಿ ಹಣ್ಣಿನ ಬಟ್ಟಲು. ದಪ್ಪಕ್ಷರದಲ್ಲಿ ನಾಲ್ಕೇ ಮಾತು: ಹಗುರ ದಿನ, ಹಗುರ ಮನ.

ನಿಧಾನಪ್ಪ ಎಡದಿಂದ ಬಲಕ್ಕೆ ಓದಿದ. ಮತ್ತೆ ಓದಿದ. ಪಕ್ಕಕ್ಕೆ ಸರಿದು ನೋಡಿದ.

"ಬೋರ್ಡ್ ಬದಲಾಯಿಸಿದ್ದಾರೆ," ಅಂದ.

"ಹೌದೌದು, ನೀವು ಬರ್ತೀರಿ ಅಂತ ರಾತ್ರೋರಾತ್ರಿ ಬದಲಾಯಿಸಿ, ಮೇಲೆ ಹಳೇ ಕಾಗೆ ಹಿಕ್ಕೆನೂ ಹಾಕಿಸಿದ್ದಾರೆ," ಅಂದಳು ಹೆಂಡತಿ.

ಅವನ ಮುಖ ಸಣ್ಣದಾಯಿತು. ಕಣ್ಣಾರೆ ಓದಿದ್ದೆ ಎಂದುಕೊಂಡಿದ್ದ ಮಾತು ಅಲ್ಲಿ ಇರಲೇ ಇಲ್ಲ.

"ನಿಮ್ಮ ತಪ್ಪಲ್ಲ ದೊಡ್ಡಪ್ಪ. ಆ ಮಾತನ್ನ ಚಿತ್ರ ಹೇಳಿದೆ, ಬಾಯಿ ಬಿಟ್ಟು ಹೇಳಿಲ್ಲ ಅಷ್ಟೇ. ನೀವು ಬಸ್ಸಲ್ಲಿ ಹೋಗ್ತಾ ನೋಡಿದ್ರಿ. ಮೊದಲು ಕಣ್ಣಿಗೆ ಬಿದ್ದಿದ್ದೇನು?"

"ಹಸಿರು."

"ಹಸಿರು ಅಂದ್ರೆ ನಿಮಗೆ?"

"ಹೋಗು ಅಂತ."

"ನೋಡಿ! ಯಾರಿಗೇ ಆಗ್ಲಿ ಹಸಿರು ಅಂದ್ರೆ ಭಯ ಇಲ್ಲ, ತೋಟದಿಂದ ಬಂದಿದ್ದು ಅಂತ. ಅದಕ್ಕೇ ಬಳಿಯೋದು. ಒಳಗಿರೋದಕ್ಕೂ ಬಣ್ಣಕ್ಕೂ ಸಂಬಂಧ ಇರಲೇಬೇಕು ಅಂತಿಲ್ಲ. ಆಮೇಲೆ, ಆ ಮನುಷ್ಯ ಡಾಕ್ಟರ್ ಅಂತ ಯಾರು ಹೇಳಿದ್ರು?"

"ಬಿಳಿ ಕೋಟು ಹಾಕಿದ್ದಾನಲ್ಲ."

"ನಿಮಗೆ ಕ್ಷೌರ ಮಾಡೋನೂ ಬಿಳಿ ಕೋಟು ಹಾಕ್ತಾನೆ. ಅವನ ಹತ್ರ ಮಾತ್ರೆ ಬರೆಸ್ಕೊಳ್ಳಿ ನಾಳೆಯಿಂದ," ಹೆಂಡತಿ ಬಿಡಲಿಲ್ಲ.

"ಆ ಓಡೋನನ್ನ ನೋಡಿ ದೊಡ್ಡಪ್ಪ. ಬಿಸ್ಕತ್ತು ಅವನ ಬಾಯಲ್ಲಿದ್ಯಾ?"

"ಕೈಯಲ್ಲೂ ಇಲ್ಲ," ಅಂದ ನಿಧಾನಪ್ಪ. "ತೆಳ್ಳಗಿರೋನನ್ನ ತಂದು ಓಡಿಸಿದ್ದಾರೆ."

"ಹಣ್ಣು?"

"ಪೊಟ್ಟಣದಲ್ಲಿ ಹಣ್ಣೆಲ್ಲಿ ಬಂತು! ಪಕ್ಕದಲ್ಲಿ ಕೂರಿಸಿದ್ದಾರೆ, ಅಷ್ಟೇ." ಅವನ ದನಿ ಈಗ ಅವಳಿಗಿಂತ ಜೋರಾಗಿತ್ತು.

ಅವಳು ಫೋನಿನಲ್ಲಿ ಬೋರ್ಡಿನ ಕೆಳ ಅಂಚಿನ ಫೋಟೊ ತೆಗೆದು ಹಿಗ್ಗಿಸಿ ಕೊಟ್ಟಳು. ಹಸಿರಿನ ಮೇಲೆ ತಿಳಿಹಸಿರಿನಲ್ಲಿ, ಇರುವೆ ಸಾಲಿನಂಥ ಅಕ್ಷರ: ಚಿತ್ರದಲ್ಲಿರುವವರು ನಟರು. ಕಾಯಿಲೆ ಇರುವವರು ವೈದ್ಯರನ್ನು ಕೇಳಿ ಸೇವಿಸಿ.

ನಿಧಾನಪ್ಪನಿಗೆ ಆಗ ನಿಜವಾಗಿ ಸಿಟ್ಟು ಬಂತು. "ಮುಂದೆ ತಿರುವಿದೆ ಅಂತ ಇಷ್ಟು ಸಣ್ಣಗೆ ಬರೆದ್ರೆ ಬಸ್ ಹಳ್ಳದಲ್ಲಿರುತ್ತೆ! ಎಚ್ಚರಿಕೆ ಹೇಳೋ ಮಾತು ದೊಡ್ಡದಾಗಿರಬೇಕಲ್ವೇನೇ?"

"ರಸ್ತೆ ಬೋರ್ಡ್ ಹಾಕೋರಿಗೆ ನೀವು ಕ್ಷೇಮವಾಗಿ ಊರು ಸೇರಬೇಕು ದೊಡ್ಡಪ್ಪ. ಈ ಬೋರ್ಡ್ ಹಾಕೋರಿಗೆ ನೀವು ಅಂಗಡಿ ಸೇರಿದ್ರೆ ಸಾಕು."

"ನೀನೂ ಮಾಡೋದು ಇದೇ ಕೆಲಸ ಅಲ್ವಾ?"

"ಇದೇ ಕೆಲಸ. ಅದಕ್ಕೇ ಗೊತ್ತು."

ಮನೆಗೆ ಬಂದು ಪೊಟ್ಟಣ ತಿರುಗಿಸಿದರು. ಹಿಂದೆ ಮೊದಲ ಹೆಸರು ಮೈದಾ. ಆಮೇಲೆ ಸಕ್ಕರೆ, ಆಮೇಲೆ ಎಣ್ಣೆ. ಯಾವುದು ಹೆಚ್ಚಿದೆಯೋ ಅದು ಮೊದಲು ಎಂದಳು ಹುಡುಗಿ. ಮುಂದೆ ಮೈತುಂಬ ಹರಡಿದ್ದ ಗೋಧಿ ತೆನೆ ಹಿಂದೆ ಪಟ್ಟಿಯ ಬಾಲದಲ್ಲಿ ಚೂರು ಹೊಟ್ಟಾಗಿ ಕೂತಿತ್ತು.

"ಬಿಸ್ಕತ್ತು ವಿಷ ಅಂತಲ್ಲ. ನೀವು ಊಟ ಬಿಟ್ಟು ಔಷಧಿ ಥರ ತಿಂದ್ರಿ. ಸಿಹಿ ಬಿಟ್ರೂ ಸಕ್ಕರೆ ಏರಿದ್ದು ಹೀಗೆ."

ದೊಡ್ಡಮ್ಮನಿಗೆ ಕದ್ದು ತಿಂತೀರಾ ಎಂದು ಗಂಡನನ್ನು ಹಿಂಡಿದ್ದು ನೆನಪಾಯಿತೋ ಏನೋ. ಮೆಲ್ಲಗೆ ಒಳಹೋಗಿ ತನ್ನ ಹಣ್ಣಿನ ರಸದ ಡಬ್ಬಿ ತಂದು, "ಇದ್ರ ಮೇಲೆ ಅರ್ಧ ಕಿತ್ತಳೆ ಕೊಯ್ದು ಇಟ್ಟಿದ್ದಾರಲ್ಲ, ಇದೂ ಹಂಗೇನಾ?" ಎಂದು ಕೇಳಿದಳು. ತಿರುಗಿಸಿ ಓದಿದರು. ಮೊದಲು ನೀರು, ಆಮೇಲೆ ಸಕ್ಕರೆ. ಕಿತ್ತಳೆ ಎಲ್ಲೋ ಮೂಲೆಯಲ್ಲಿ. "ಥೂ ಇವರ!" ಅಂದಳು. ಈಗ ನಗುವ ಸರದಿ ನಿಧಾನಪ್ಪನದು.

ಮಾರನೆಯ ದಿನವೇ ಅವನು ಡಾಕ್ಟರಮ್ಮನ ಹತ್ತಿರ ಹೋಗಿ ಪೊಟ್ಟಣ ಮುಂದಿಟ್ಟ. ಏನು ತಿನ್ನಬೇಕು, ಎಷ್ಟು ತಿನ್ನಬೇಕು ಎಂದು ಅವರು ಹೇಳಿದರು. ಹೊತ್ತಿಗೆ ಸರಿಯಾಗಿ ಊಟ, ತಟ್ಟೆಯಲ್ಲಿ ತರಕಾರಿ ಹೆಚ್ಚು, ಸಂಜೆ ನಡಿಗೆ, ಮಾತ್ರೆ ತಪ್ಪಿಸುವಂತಿಲ್ಲ. ತಿಂಗಳು ಕಳೆದು ರಿಪೋರ್ಟ್ ಬಂತು. ಸಕ್ಕರೆ ಇಳಿದಿತ್ತು.

"ಇನ್ನೂ ಇಳೀಬೇಕು," ಅಂದರು ಡಾಕ್ಟರಮ್ಮ. ಆದರೆ ಸಹಿ ಹಾಕಿದರು. ಅವನು ಡಿಪೋದಿಂದ ಬಸ್ ತೆಗೆಯುವಾಗ ಕಂಡಕ್ಟರ್ ಕೇಳಿದ, "ಏನಣ್ಣ, ಕಣ್ಣಲ್ಲಿ ನೀರು?" "ಧೂಳು ಕಣೋ, ವಿಸಿಲ್ ಹಾಕು," ಅಂದ ನಿಧಾನಪ್ಪ.

ಇಷ್ಟೇ ಕಥೆ. ಈಗ ನಿಮ್ಮ ಸರದಿ. ಎದ್ದು ಅಡುಗೆಮನೆಗೆ ಹೋಗಿ. ಮಕ್ಕಳ ಬೆಳವಣಿಗೆಗೆ, ಹೃದಯಕ್ಕೆ, ಶಕ್ತಿಗೆ ಎಂದು ತಂದಿಟ್ಟ ಪೊಟ್ಟಣ ಒಂದಾದರೂ ಇರುತ್ತದೆ. ಅದರ ಚಿತ್ರವನ್ನು ಅಂಗೈಯಿಂದ ಮುಚ್ಚಿ. ಎಲೆ, ಹಣ್ಣು, ಬಿಳಿ ಕೋಟು, ನಗುವ ಮಗು ಎಲ್ಲ ಮರೆಯಾಗಲಿ. ಉಳಿದ ಅಕ್ಷರ ಏನು ಹೇಳುತ್ತದೆ ಓದಿ. ಆಮೇಲೆ ಹಿಂದೆ ತಿರುಗಿಸಿ ಮೊದಲ ಮೂರು ಹೆಸರು ನೋಡಿ. ಅಕ್ಷರ ಸಣ್ಣದಿದ್ದರೆ ಫೋನಿನಲ್ಲಿ ಹಿಗ್ಗಿಸಿ, ಓದಲು ಬಾರದಿದ್ದರೆ ಬಲ್ಲವರಿಂದ ಓದಿಸಿ, ಅದರಲ್ಲಿ ನಾಚಿಕೆ ಏನಿದೆ? ಕಾಯಿಲೆ ಇದ್ದರೆ ಬೋರ್ಡಿನವನನ್ನಲ್ಲ, ನಿಮ್ಮನ್ನು ಪರೀಕ್ಷೆ ಮಾಡಿದ ಡಾಕ್ಟರನ್ನು ಕೇಳಿ.

"ಜಾಹೀರಾತಲ್ಲೇ ಹೇಳಿದ್ದಾರಲ್ಲ" ಎಂದು ವಾದ ಮಾಡುವವರು ನಿಮ್ಮ ಮನೆಯಲ್ಲೂ ಒಬ್ಬರಿರುತ್ತಾರೆ. ಈ ಕಥೆಯನ್ನು ಮೊದಲು ಅವರಿಗೆ ಕೇಳಿಸಿ, ಆಮೇಲೆ ಪಕ್ಕದ ಮನೆಗೆ ದಾಟಿಸಿ.