ಒಡಪಿನಾಗಿನ ಹೆಸರು

ಖಡು ಕರಿಹಲಗಿ ಮ್ಯಾಲೆ ಕಿರ್ರ್ ಅಂತು, ಪ್ರಮಿಳಾನ ಹಲ್ಲು ಜುಂ ಅಂದುವು, ವಾಚನಾಲಯದ ಕನ್ನಡ ಪದ್ಯದ ಕ್ಲಾಸಿನಾಗ ಐಶ್ವರ್ಯಾ ಮೇಡಂ ಬರದದ್ದು ಪ್ರಾಸ, ಹಾಂ, ಪ್ರಾಸ, ಯಮಕ ಅಲ್ಲ — ಹೋದ ಐತವಾರ ತಾನ ಎಲ್ಲಾರಕಿಂತ ಮೊದಲ ಕೈ ಎತ್ತಿ ಯಮಕ ರೀ ಅಂದಿದ್ದಳು, ಖಾನಾಪುರದ ಮರಾಠಿ ಸಾಲ್ಯಾಗ ಸಾಲಿನ ಕೊನಿ ಕೂಡಿ ಬಂದ್ರ ಅದಕ್ಕ ಯಮಕ ಅಂತನ ಕಲಿಸಿದ್ರು, ಮೇಡಂ ನಕ್ಕು, ಅಕ್ಕಾರ, ಕನ್ನಡದಾಗ ಯಮಕ ಅಂದ್ರ ಬ್ಯಾರೇನ ಐತ್ರಿ, ಅವ ಅಕ್ಷರ ತಿರುಗಿ ಬರ್ತಾವು, ಅರ್ಥ ಬ್ಯಾರೆ ಆಗಿರತೈತಿ ಅಂದಳು. ಎಲ್ಲಾರೂ ನಕ್ರು, ನಗಲಿ ಬಿಡು, ನಕ್ಕವರ ಆಮ್ಯಾಲೆ ಬಾಜೂಕ ಕುಂದರಿಸಿಕೊಂಡು ಚಹಾ ಕೊಟ್ರಲ್ಲ, ಖಾನಾಪುರದ ಖೋಲ್ಯಾಗ ಐತವಾರ ಅಂದ್ರ ಒಂದು ಮನುಷ್ಯಾನ ದನಿ ಇಲ್ಲ, ಕುಕ್ಕರ್ ಸೀಟಿ ಹೊಡದ್ರ ಆತು ತಡಿಯವಾ ಅಂತ ಅದರ ಕೂಡ ಮಾತಾಡತಾಳ, ಹುಚ್ಚಿ — ಯಜಮಾನರು ತೀರಿಕೊಂಡ ಮ್ಯಾಲೆ ಬಾಜು ಮನಿ ಫಕೀರವ್ವ ಅರಿಷಿಣ-ಕುಂಕುಮಕ್ಕ ಕರಿಯೂದ ಬಿಟ್ಟಾಳ, ಎದುರಿಗೆ ಸಿಕ್ರ ಅಯ್ಯ ಪಾಪ ಅನ್ನೂ ಮಾರಿ ಮಾಡತಾಳ, ಆ ಮಾರಿ ನೋಡಿ ನೋಡಿ ಬ್ಯಾಸತ್ತ ಬೆಳಗಾವಿ ಬಸ್ ಹತ್ತೂದು, ಖಾಸಬಾಗದ ಈ ವಾಚನಾಲಯದಾಗ ಆಕಿ ಹಣಿಗೆ ಟಿಕಳಿ ಹಚಗೊಂಡ ಬರೇ ಪ್ರಮಿಳಾಕ್ಕ, ಅದಕಿಂತ ಹೆಚ್ಚು ಯಾರಿಗೂ ಗೊತ್ತಿಲ್ಲ. ಲಘು ಅಂದ್ರ ಹಗರ, ಗುರು ಅಂದ್ರ ಭಾರ, ಅದನ್ನ ಕಲಿತ ದಿನ ಬೆಂಚಿನ ಮ್ಯಾಲೆ ಬೆರಳಿಲೆ ಅವರ ಹೆಸರು ಅಳದ ನೋಡಿದ್ದಳು, ಲಘು ಲಘು ಗುರು ಲಘು, ಬಾಯಿಲೆ ಮಾತ್ರ ಅನ್ನಲಿಲ್ಲ, ಗಂಡನ ಹೆಸರು ಬಾಯಿಲೆ ಅಂತಾರೇನು, ಏನ್ರೀ, ಕೇಳ್ರಿಲ್ಲೆ, ಅಷ್ಟರಾಗ ಸಂಸಾರ ಮುಗಿದು ಹೋತು, ಈಗ ಏನ್ರೀ ಅನ್ನಾಕರ ಯಾರ ಅದಾರ.

ಕನ್ನಡದ ಹಳೇ ಪ್ರಾಸ ಸಾಲಿನ ಎರಡನೇ ಅಕ್ಷರದಾಗ ಇರತೈತ್ರಿ, ಕೊನಿಗೆ ಬಂದ್ರ ಅದು ಅಂತ್ಯಪ್ರಾಸ, ಮೇಡಂ ಹೇಳಾಕ ಹತ್ಯಾಳ, ಉದಾಹರಣಿ ಪುಸ್ತಕದಾಗ ಯಾಕ ಹುಡುಕೂಣು, ಗಂಡನ ಹೆಸರಿಟ್ಟು ಒಡಪು ಹೇಳ್ತೀರಲ್ಲ, ಅದ ಅಂತ್ಯಪ್ರಾಸ, ಹೇಳ್ರಿ ಒಬ್ಬೊಬ್ಬರ — ಅಯ್ಯ ನಮ್ಮವ್ವ, ಬಾಜೂಕ ಕುಂತಿದ್ದ ಬಸವಣ್ಣೆವ್ವ ಸೆರಗು ಬಾಯಿಗೆ ಹಿಡಕೊಂಡು ಹೇಳೇ ಬಿಟ್ಟಳು, ಚಪ್ಪಾಳಿ, ಈಗ ನೀವ್ರಿ ಪ್ರಮಿಳಾಕ್ಕ. ಹೇಳಲಿಲ್ಲಂದ್ರ ಯಾಕ ಅಂತ ಕೇಳ್ತಾರ, ಅವರಿಲ್ಲ ಅಂದ್ರ ಈ ನಗು ಎಲ್ಲಾ ಒಮ್ಮೆಲೆ ಆರಿ ಇಲ್ಲೂ ಅದ ಫಕೀರವ್ವನ ಮಾರಿ, ಗಂಡ ಸತ್ತಾಕಿಗೆ ಒಡಪು ಯಾರು ಕೇಳ್ತಾರ, ಯಾರೂ ಕೇಳಿದ್ದಿಲ್ಲ, ಇವರು ಕೇಳ್ಯಾರ, ಕೇಳ್ಯಾರಲ್ಲ — ಜಾಂಬೋಟಿ ಗದ್ದ್ಯಾಗ ಹಲಸಿನ ಛಾಯಾ, ಅಂದಳು, ದನಿ ತನ್ನದ ಹೌದೋ ಅಲ್ಲೋ, ಹೆಸರು ಹೆಸರು ಅಂತ ಎಲ್ಲಾರೂ ಒದರಾಕ ಹತ್ತಿದ್ರು, ಲಗ್ನದ ದಿನಾನೂ ಹಿಂಗ, ನಾದಿನಿ ಭರಮವ್ವ ಹೊಸ್ತಿಲಕ್ಕ ಅಡ್ಡ ನಿಂತು ಹೆಸರು ಹೇಳದ ಒಳಗ ಬಿಡೂದಿಲ್ಲ ನೋಡ ಅಂದಿದ್ದಳು, ನಾಚಿಕಿಗೆ ದನಿ ಹೊಂಡವಲ್ದು, ಅವರು ಕೇಳಸವಲ್ದು ಅಂತ ಬಾಗಿ ಕಿವಿ ಕೊಟ್ಟರು, ಅರಿಷಿಣ ಹತ್ತಿದ ಕಿವಿ, ತುಟಿ ಹಂತ್ಯಾಕ, ನನ್ನ ಕೈ ಹಿಡದಾವ್ರು ಸಿದರಾಯಾ. ಚಪ್ಪಾಳಿ ಬಿತ್ತು. ಛಾಯಾ, ಸಿದರಾಯಾ, ಎಷ್ಟ ಛಂದ ಕೂಡ್ತು ನೋಡ್ರಿ, ಮೇಡಂ ಹಲಗಿ ಮ್ಯಾಲೆ ಬರದೇ ಬಿಟ್ಟಳು ಆ ಹೆಸರು, ಯಜಮಾನರು ಎಲ್ಲಿ ಇರ್ತಾರ್ರಿ ಅಕ್ಕಾ, ಲೋಂಡಾದಾಗ ಅದಾರ್ರಿ, ಅದಾರ, ಬಾಯಿ ತಾನ ಅಂತು, ರೇಲ್ವೆದಾಗ ಅದಾರ್ರಿ, ಎಷ್ಟ ಸಲೀಸು ಬಂತು ಸುಳ್ಳು, ಎಷ್ಟ ಸುಖಾ ಆತು ಅನ್ನಾಕ, ಹಂಗಾರ ಮುಂದಿನ ಐತವಾರ ಅವರನೂ ಕರಕೊಂಡ ಬರ್ರಿ, ಜೋಡಿಲೆ ಹೇಳಸೂಣು, ಮರೀಬ್ಯಾಡ್ರಿ ಮತ್ತ, ಇಲ್ಲಂದ್ರ ಒಳಗ ಬಿಡೂದಿಲ್ಲ. ಹೂಂ ರೀ ಅಂದಳು. ಮುಂದಿನ ಐತವಾರ ಬರಾಕ ಆಗೂದಿಲ್ಲ, ಅದರ ಮುಂದಿನದಕ್ಕೂ ಆಗೂದಿಲ್ಲ, ಇದ್ದದ್ದು ಇದೊಂದ ಜಾಗಾ, ತನ್ನ ಕೈಲೆ ಕಳಕೊಂಡಳು — ಅವರು ಮಾತ್ರ ಹಂಗ ಬಾಗೇ ನಿಂತಾರ, ಅರಿಷಿಣ ಹತ್ತಿದ ಕಿವಿ, ತುಟಿ ಹಂತ್ಯಾಕ, ಇನ್ನೊಮ್ಮೆ ಅನ್ನು ಅಂತ, ಕೇಳಸಲಿಲ್ಲ ಅಂತ, ಆ ಕಿವಿ…