ಕಾಲುಸೇತುವೆಗೆ ಬಿದ್ದ ಬೀಗ

ಕಾಲುಸೇತುವೆಗೆ ಗೇಟು ಬೆಸೆದವನು ಸ್ವಂತ ಮೈದುನನೇ ಎಂದು ಗೊತ್ತಾದಾಗ ನೂಲಕ್ಕನ ಮೈಯೆಲ್ಲ ಉರಿದುಹೋಯಿತು.

ಗಿರಣಿಯಲ್ಲಿ ನೂಲು ಸುತ್ತುವ ಯಂತ್ರದ ಮುಂದೆ ನಿಂತೇ ಅರ್ಧ ಆಯಸ್ಸು ಕಳೆದವಳು ಅವಳು. ಹುಬ್ಬಿನಲ್ಲಿ ಹತ್ತಿಯ ಎಳೆ ಅಂಟಿಸಿಕೊಂಡೇ ಮನೆಗೆ ಬರುತ್ತಿದ್ದಳು. ಮನೆ ನದಿಯ ಈಚೆ, ಗಿರಣಿ ಆಚೆ, ನಡುವೆ ಕಬ್ಬಿಣದ ಹಳೆಯ ಕಾಲುಸೇತುವೆ. ಇಬ್ಬರು ಎದುರಾದರೆ ಒಬ್ಬರು ಭುಜ ಓರೆ ಮಾಡಬೇಕು, ಅಷ್ಟೇ ಅಗಲ.

ಆ ಸೇತುವೆ ಸುಮ್ಮನೆ ಬಂದದ್ದಲ್ಲ. ಹಿಂದೆ ಕೆಲಸದವರನ್ನು ದೋಣಿಯಲ್ಲಿ ತುಂಬಿ ದಾಟಿಸುತ್ತಿದ್ದರು. ಒಂದು ಮಳೆಗಾಲ ದೋಣಿ ಮಗುಚಿತು. ಸತ್ತವರಲ್ಲಿ ನೂಲಕ್ಕನ ಅತ್ತೆಯ ತಾಯಿಯೂ ಇದ್ದಳು. ಮರುದಿನವೇ ಮಾಲೀಕರು ಇನ್ನೊಂದು ದೋಣಿ ಕಳಿಸಿದರು. ಹೆಂಗಸರು ಹತ್ತಲಿಲ್ಲ, ದಡದಲ್ಲೇ ಕುಳಿತುಬಿಟ್ಟರು. ಮನೆಗಳಲ್ಲಿ ಒಲೆ ಹೊತ್ತದಿದ್ದರೂ ಏಳಲಿಲ್ಲ. ಯಂತ್ರಗಳಿಗೆ ತುಕ್ಕು ಹಿಡಿಯುವ ಹೊತ್ತಿಗೆ ಮಾಲೀಕರಿಗೆ ಬುದ್ಧಿ ಬಂದು ಸೇತುವೆ ಎದ್ದಿತು.

ಈಗ ನಗರಸಭೆಗೆ ಪ್ರವಾಸಿಗರ ಹುಚ್ಚು ಹಿಡಿದಿತ್ತು. ಹೊಗೆ ನಿಂತ ಚಿಮಣಿಗೆ ಬಣ್ಣ ಬಳಿದರು, ಪಾಳುಬಿದ್ದ ಉಗ್ರಾಣಕ್ಕೆ ಗಾಜಿನ ಬಾಗಿಲಿಟ್ಟರು. ಕಾಲುಸೇತುವೆಗೆ ‘ಪ್ರೇಮಸೇತುವೆ’ ಎಂದು ಹೆಸರು ಬಿತ್ತು. ಮಾಲೀಕರ ಹೆಂಡತಿಗೆ ನದಿಯ ಮೇಲೆ ನಿಂತು ಸೂರ್ಯಾಸ್ತ ನೋಡುವ ಆಸೆಯಾಯಿತಂತೆ, ಅವರು ಕಟ್ಟಿಸಿಕೊಟ್ಟರಂತೆ! ಹಾಗೆಂದು ಹಿತ್ತಾಳೆಯ ಫಲಕವೂ ಬಂತು. ಹಳೆಯ ಕಬ್ಬಿಣ ಸವೆಯಬಾರದೆಂದು ಎರಡೂ ತುದಿಗೆ ಗೇಟು. ಉದ್ಘಾಟನೆಯಾದ ಮೇಲೂ ಪ್ರವಾಸಿಗರಿಗೆ ಮಾತ್ರ ಪ್ರವೇಶ.

ನಗರಸಭೆಯ ಬೆಸುಗೆ ಕೆಲಸ ಮುಗಿಸಿ ಮೈದುನ ಕೈ ತೊಳೆಯಲು ಬಚ್ಚಲಿಗೆ ಬಂದಾಗ ನೂಲಕ್ಕ ಬಾಗಿಲಿಗೆ ಅಡ್ಡ ನಿಂತಳು.

“ಏನಪ್ಪಾ, ಬೆಸಿಯೋಕೆ ನಿಂಗೆ ಬೇರೆ ಕಬ್ಬಿಣ ಸಿಗ್ಲಿಲ್ವಾ?”

“ನಾನಲ್ದಿದ್ರೆ ಇನ್ನೊಬ್ಬ ಮಾಡ್ತಿದ್ದ ಅತ್ತಿಗೆ.”

“ಅವನು ಮಾಡಿದ್ರೆ ಅವನಿಗೆ ಬೈತಿದ್ದೆ. ನೀನು ಮಾಡಿದೀಯ, ನಿಂಗೆ ಬೈತಿದೀನಿ.”

“ಹೆದ್ದಾರಿ ಸೇತುವೆ ಇದೆಯಲ್ಲ. ಸ್ವಲ್ಪ ಸುತ್ತಾಗುತ್ತೆ, ಅಷ್ಟೆ.”

“ನಡಿಯೋ ಕಾಲು ನಂದು, ಸ್ವಲ್ಪ ಅನ್ನೋ ಬಾಯಿ ನಿಂದು!”

ಒಳಕೋಣೆಯಿಂದ ಅತ್ತೆಯ ದನಿ ಬಂತು: “ನಮ್ಮಮ್ಮ ಸೂರ್ಯಾಸ್ತ ನೋಡೋಕೆ ಹೋಗಿ ಮುಳುಗಿದ್ಳು ಅಂತಾನೂ ಬರೆಸ್ಬಿಡು ಮಗನೇ.”

ಅವನು ಕೈ ತೊಳೆಯದೆಯೇ ಹೊರಗೆ ಹೋದ.

ಹೆದ್ದಾರಿಯ ಸೇತುವೆಯಲ್ಲಿ ನಡೆಯುವವರಿಗೆ ಜಾಗವೇ ಇರಲಿಲ್ಲ. ಲಾರಿ ಬಂದರೆ ತಡೆಗೋಡೆಗೆ ಹಲ್ಲಿಯ ಹಾಗೆ ಅಂಟಿಕೊಳ್ಳಬೇಕು. ಪಕ್ಕದ ಯಂತ್ರದ ಹೆಂಗಸೊಬ್ಬಳು ನೂಲಕ್ಕನ ಜೊತೆಗೇ ಬರುತ್ತಿದ್ದಳು. ಮೈಕಟ್ಟು ಸಣ್ಣದೆಂದು ಎಲ್ಲರೂ ಅವಳನ್ನು ಗುಬ್ಬಿ ಎನ್ನುತ್ತಿದ್ದರು. ಒಂದು ಬೆಳಿಗ್ಗೆ ಲಾರಿಯ ಕೊಕ್ಕೆಗೆ ಗುಬ್ಬಿಯ ಚೀಲ ಸಿಕ್ಕಿ, ಲಾರಿ ಅವಳನ್ನು ದರದರ ಎಳೆದು ಬಿಸಾಡಿತು. ಕಾಲು ಮುರಿಯಿತು. ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನೂಲಕ್ಕ ರಸ್ತೆಯಲ್ಲೇ ಕುಳಿತಳು. ಕೆಳಗಡೆ ಖಾಲಿ ಕಾಲುಸೇತುವೆಗೆ ಯಾರೋ ದೀಪದ ಸರ ಕಟ್ಟುತ್ತಿದ್ದರು.

ಗುಬ್ಬಿಯನ್ನು ಆಸ್ಪತ್ರೆಗೆ ಸೇರಿಸಿ, ಅಲ್ಲಿಂದ ನೂಲಕ್ಕ ನೇರ ನಗರಸಭೆಗೆ ಹೋದಳು.

“ಅಪಘಾತಕ್ಕೂ ಗೇಟಿಗೂ ಏನಮ್ಮ ಸಂಬಂಧ?” ಎಂದ ಅಧಿಕಾರಿ. “ರಸ್ತೇಲಿ ಹುಷಾರಾಗಿ ನಡೀಬೇಕು.”

“ಕಂಡೋರ ಮಕ್ಕಳನ್ನ ಬಾವಿಗೆ ತಳ್ಳಿ ಆಳ ನೋಡ್ತೀರಲ್ಲ ಸ್ವಾಮಿ! ಒಂದಿನ ನೀವು ನಡೀರಿ, ನಾನು ಹಿಂದೆ ನಿಂತು ಹುಷಾರು ಅಂತೀನಿ.”

ಅಧಿಕಾರಿ ಮೀಟಿಂಗ್ ಇದೆಯೆಂದು ಎದ್ದುಹೋದ.

ಉದ್ಘಾಟನೆ ಗಿರಣಿಯ ಕಡೆಯ ಗೇಟಿನಲ್ಲಿ, ಸಂಜೆ. ಟೇಪು ಕತ್ತರಿಸಿ, ಎರಡೂ ತುದಿಯ ಗೇಟು ತೆರೆದಾಗಿತ್ತು. ಮೈಕು ಹಿಡಿದ ಹುಡುಗಿ ಮಾಲೀಕರ ಪ್ರೇಮಕಥೆ ಹೇಳುತ್ತಿದ್ದಳು. ಅಷ್ಟರಲ್ಲಿ ಪಾಳಿ ಬಿಟ್ಟಿತು. ನೀಲಿ ಅಂಗಿಯ ಹೆಂಗಸರು ಬಂದವರೇ ಅತಿಥಿಗಳ ನಡುವೆ ನುಗ್ಗಿ ಸೇತುವೆ ಹತ್ತಿದರು. ಮಾತಿಲ್ಲ, ಘೋಷಣೆಯಿಲ್ಲ, ಮನೆಗೆ ಹೋಗುವ ನಡಿಗೆ.

“ಗೇಟ್ ಹಾಕೋ!” ಎಂದು ಅಧಿಕಾರಿ ಕೂಗಿದ.

ಗೇಟು ಬೆಸೆದವನೆಂದು ಬೀಗ ಕೊಟ್ಟು ಅಲ್ಲಿ ನಿಲ್ಲಿಸಿದ್ದದ್ದು ಮೈದುನನನ್ನೇ. ನೂಲಕ್ಕ ಗೇಟಿನ ನಡುವೆ ನಿಂತು ಬೆನ್ನು ತಿರುಗಿಸಿದಳು.

“ಹಾಕು. ಅತ್ತಿಗೆ ಬೆನ್ನಿಗೆ ಬಡಿದೇ ಹಾಕು.”

ಅವನು ಅಧಿಕಾರಿಯ ಮುಖ ನೋಡಿದ, ಅತ್ತಿಗೆಯ ಬೆನ್ನು ನೋಡಿದ. ಕೈ ಚಾಚಿ ಬೀಗವನ್ನು ನದಿಗೆ ಬಿಟ್ಟ.

“ಜಾರ್ಬಿಡ್ತು ಸಾರ್.”

ಯಾರೋ ಕಿಸಕ್ಕೆಂದರು. ನೂಲಕ್ಕ ನಗಲಿಲ್ಲ. ಅತಿಥಿಗಳ ಕಡೆ ತಿರುಗಿದಳು. “ಪ್ರೇಮ ಅಂತೆ! ಯಾರೂ ಪ್ರೀತಿಯಿಂದ ಕೊಟ್ಟಿದ್ದಲ್ಲ ಇದು. ಹೆಣ ಬಿದ್ಮೇಲೆ, ದಡದಲ್ಲಿ ಕೂತು ನಮ್ಮೋರು ಕಿತ್ಕೊಂಡಿದ್ದು.” ಮೈಕಿನ ಹುಡುಗಿ ಕೈ ಇಳಿಸಿದಳು.

ಅತಿಥಿಗಳ ಮುಂದೆ ಮಾನ ಹೋಯಿತೆಂದೋ ಏನೋ, ಮರುವಾರದಿಂದ ಪಾಳಿಯ ಹೊತ್ತಿಗೆ ಗೇಟು ತೆರೆಯಬೇಕೆಂದು ಆದೇಶವಾಯಿತು. ಮೈದುನನಿಗೆ ನಗರಸಭೆಯ ಕೆಲಸ ತಪ್ಪಿತು. ಕೆಲವು ದಿನ ಅತ್ತಿಗೆಯ ಮೇಲೆ ಮುಖ ಊದಿಸಿಕೊಂಡಿದ್ದು, ಆಮೇಲೆ ಕಿಟಕಿ ಸರಳು ಬೆಸೆಯುತ್ತ ಸರಿಹೋದ. ಗುಬ್ಬಿಯ ಒಂದು ಕಾಲು ಗಿಡ್ಡವಾಯಿತು. ನಿಂತು ಮಾಡುವ ಕೆಲಸ ಆಗದೆಂದು ಗಿರಣಿಯವರು ಅವಳನ್ನು ಮತ್ತೆ ಸೇರಿಸಿಕೊಳ್ಳಲಿಲ್ಲ. ಫಲಕ ಹಾಗೇ ಇದೆ. ಕೇಳಿದರೆ, ತಜ್ಞರ ಸಮಿತಿ ಪರಿಶೀಲಿಸುತ್ತಿದೆ ಎನ್ನುತ್ತಾರೆ.

“ಗೇಟು ಬಿಟ್ರಲ್ಲ, ಇನ್ನಾದ್ರೂ ಸಮಾಧಾನ ಮಾಡ್ಕೋ,” ಎಂದು ನೆರೆಯವರು ಹೇಳಿದರು.

“ನಮ್ದನ್ನ ನಮಗೆ ಬಿಟ್ಟಿದ್ದಕ್ಕೆ ಕೈ ಮುಗೀಬೇಕಾ?” ಎಂದಳು ನೂಲಕ್ಕ.

ಮೊನ್ನೆ ಸಂಜೆ ಸೇತುವೆಯ ಮಧ್ಯೆ ಫೋಟೊ ತೆಗೆಯುತ್ತಿದ್ದವನೊಬ್ಬ, “ಸ್ವಲ್ಪ ಆ ಕಡೆ ನಿಲ್ತೀರಾ? ಚಿತ್ರಕ್ಕೆ ಅಡ್ಡ ಬರ್ತಿದೀರಾ,” ಎಂದ.

“ಬರ್ತೀನಿ,” ಎಂದಳು ಅವಳು. “ದಿನಾ ಬರ್ತೀನಿ. ನೀವೇ ಭುಜ ಓರೆ ಮಾಡಿ.”